ಪುಟ್ಟತಾಯಮ್ಮನ ಬಾಲಚುಕ್ಕೆ

ಬೆಳಕು ಹರಿಯುವ ಮುಂಚೆ ಬಾಗಿಲಿಗೆ ನೀರು ಹಾಕುವ ಹೆಂಗಸು ತಲೆ ತಗ್ಗಿಸಿಕೊಂಡೇ ಒಳಗೆ ಹೋಗಬೇಕು. ಅವತ್ತು ಪುಟ್ಟತಾಯಮ್ಮ ತಲೆ ಎತ್ತಿದಳು. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ದೀಪಾವಳಿ ಆಗಷ್ಟೇ ಕಳೆದಿತ್ತು. ವಿದ್ಯಾರಣ್ಯಪುರದ ಆ ಬೀದಿಯಲ್ಲಿ ಎದ್ದಿದ್ದವಳು ಅವಳೊಬ್ಬಳೇ. ರಂಗೋಲಿಯ ಚುಕ್ಕಿ ಇಟ್ಟು, ಎಳೆ ಎಳೆಯುವ ಮೊದಲು ಸೊಂಟ ನೆಟ್ಟಗೆ ಮಾಡಿಕೊಳ್ಳೋಣವೆಂದು ನಿಂತರೆ, ಚಾಮುಂಡಿ ಬೆಟ್ಟದ ಭುಜಕ್ಕೆ ಯಾರೋ ಬೆಳ್ಳನೆಯ ಪೊರಕೆಯೊಂದನ್ನು ಒರಗಿಸಿಟ್ಟ ಹಾಗೆ ಕಂಡಿತು. ಹಿಡಿ ಕೆಳಗೆ, ಕಡ್ಡಿ ಮೇಲೆ, ಒಂದಿಷ್ಟು ಬಲಕ್ಕೆ ವಾಲಿಕೊಂಡು. ಕೈಯಲ್ಲಿದ್ದ ರಂಗೋಲಿ ಪುಡಿ ಕಾಲಿನ ಮೇಲೆ ಸುರಿದದ್ದೂ ಅವಳಿಗೆ ತಿಳಿಯಲಿಲ್ಲ.

ಒಳಗೆ ಓಡಿ ಗಂಡನನ್ನು ಎಬ್ಬಿಸಿದಳು. ಮುನಿಸಿಪಾಲಿಟಿಯ ಗುಮಾಸ್ತ ಮರಿಸ್ವಾಮಿ ಕನ್ನಡಕವಿಲ್ಲದೆ ಬಂದು, ಬೇರೆ ದಿಕ್ಕಿಗೆ ನೋಡಿ, ಅದು ಬೆಟ್ಟದ ರಸ್ತೆಯ ದೀಪ ಎಂದು ಹೇಳಿ, ಕಾಫಿ ಆಯಿತೇ ಎಂದು ಕೇಳಿದ. ಅತ್ತೆ ಕೆಂಚಮ್ಮ ಕಂಬಳಿಯೊಳಗಿನಿಂದಲೇ, ಅದು ಬೆಳ್ಳಿ ಚುಕ್ಕೆ, ತಾನು ಸಣ್ಣವಳಿದ್ದಾಗಿಂದ ನೋಡುತ್ತಿದ್ದೇನೆ ಎಂದು ತೀರ್ಪು ಕೊಟ್ಟು ಮಗ್ಗುಲು ಬದಲಿಸಿದಳು.

ಆಮೇಲೆ ಪೇಪರಿನಲ್ಲಿ ಬಾಲಚುಕ್ಕೆಯ ಸುದ್ದಿ ಬಂತು. ಪುಟ್ಟತಾಯಮ್ಮ ಅದನ್ನು ಪಕ್ಕದ ಮನೆಯ ರಾಮಸ್ವಾಮಿಗಳಿಗೆ ತೋರಿಸಿದಳು. ಅವರು ರಿಟೈರಾದ ಹೆಡ್‌ಮಾಸ್ಟರು. ಬೀದಿಯವರನ್ನೆಲ್ಲ ಇನ್ನೂ ಮಿಡ್ಲ್ ಸ್ಕೂಲಿನಲ್ಲೇ ಕೂರಿಸಿಕೊಂಡಿದ್ದವರು. ಇದು ಜಪಾನಿನವರು ಕಂಡುಹಿಡಿದ ನಕ್ಷತ್ರ, ಇಲ್ಲಿ ನಮ್ಮ ಬೆಟ್ಟದ ಮೇಲೆ ಅದಕ್ಕೇನು ಕೆಲಸ ಎಂದರು. ಹಾಗಾದರೆ ನಾಳೆ ಎದ್ದು ನೀವೇ ನೋಡಿ ಎಂದಳು ಪುಟ್ಟತಾಯಮ್ಮ. ನೋಡಬಹುದು ಎಂದರು. ಯಾರೂ ಏಳಲಿಲ್ಲ. ಏಳದವರೆಲ್ಲ ಸೇರಿ, ಅಲ್ಲಿ ಏನೂ ಇಲ್ಲ ಎಂದು ಒಮ್ಮತಕ್ಕೆ ಬಂದರು.

ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವಳ ಮಾತನ್ನು ನಂಬುತ್ತಿದ್ದದ್ದು ಒಂದೇ ವಿಷಯಕ್ಕೆ: ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೆ. ಅದನ್ನೂ ಒಂದು ಸೌಟು ಅಂಗೈಗೆ ಬಿಟ್ಟುಕೊಂಡು ನೋಡಿಯೇ. ಅವಳಿಗೆ ಆಕಾಶ ಬೇಕಾಗಿರಲಿಲ್ಲ. ಹೌದು, ನೀನು ನೋಡಿದೆ ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು.

ರವಿಕೆ ಹೊಲಿಸಲು ಬಂದವಳೊಬ್ಬಳು ಬಟ್ಟೆ ಸುತ್ತಿ ತಂದಿದ್ದ ಹಳೆಯ ಮಾಸಪತ್ರಿಕೆಯಲ್ಲಿ ಆಕಾಶದ ಫೋಟೋ ತೆಗೆಯುವ ಬಗ್ಗೆ ಒಂದು ಲೇಖನವಿತ್ತು. ಕ್ಯಾಮೆರಾದ ಕಣ್ಣು ಬೇಕಾದಷ್ಟು ಹೊತ್ತು ತೆರೆದೇ ಇರುವಂತಿರಬೇಕು. ಅಲ್ಲಾಡದ ಮೂರು ಕಾಲಿನ ಸ್ಟ್ಯಾಂಡು ಬೇಕು. ಫ್ಲ್ಯಾಷ್ ಬೇಡ. ಮುಖ್ಯವಾಗಿ, ರೀಲು ಮುಗಿಯುವ ತನಕ ಹಿಂದಿನ ಮುಚ್ಚಳ ತೆಗೆಯಕೂಡದು. ತೆಗೆದರೆ ಬೆಳಕು ನುಗ್ಗಿ ಚಿತ್ರದ ಮೇಲೆ ಬಿಳಿ ಬರೆ ಬೀಳುತ್ತದೆ. ಪುಟ್ಟತಾಯಮ್ಮ ಅದನ್ನು ದೇವರ ನಾಮದ ಹಾಗೆ ಬಾಯಿಪಾಠ ಮಾಡಿದಳು. ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಅವಳ ಸ್ವಂತ ಸಂಪಾದನೆ ಇತ್ತು. ಭಾನುವಾರ ಬೆಳಗ್ಗೆ ಅದನ್ನು ಸೆರಗಿಗೆ ಕಟ್ಟಿಕೊಂಡು, ಕ್ಯಾಮೆರಾ ತರೋಣ ಎಂದಳು.

ಕ್ಯಾಮೆರಾ ಎಂದೊಡನೆ ಮರಿಸ್ವಾಮಿ ಇಸ್ತ್ರಿ ಷರಟು ಹಾಕಿಕೊಂಡ. ಸಾಮಾನು ಕೊಳ್ಳುವಾಗ ತಿಳಿದವರೊಬ್ಬರು ಇರಲಿ ಎಂದು ರಾಮಸ್ವಾಮಿಗಳೂ ಕೋಟು ಹಾಕಿಕೊಂಡು ಹೊರಟರು.

ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ ಒಂದು ಹೊಸ ಪದ್ಧತಿ ಅವಳ ಗಮನಕ್ಕೆ ಬಂತು. ಪ್ರಶ್ನೆ ಅವಳು ಕೇಳುವುದು, ಉತ್ತರ ಅವಳ ಗಂಡನಿಗೆ ಹೋಗುವುದು.

"ಕಣ್ಣು ತೆರೆದೇ ಇಟ್ಕೊಳ್ಳೋ ಅಂಥದ್ದು ಇದೆಯಾ?" ಎಂದು ಕೇಳಿದಳು.

"ಸಾರ್, ಫ್ಯಾಮಿಲಿ ಗ್ರೂಪಿಗೆ ಇದಕ್ಕಿಂತ ಚೆನ್ನಾಗಿರೋದು ಸಿಕ್ಕಲ್ಲ," ಎಂದ ಅಂಗಡಿಯವನು ಮರಿಸ್ವಾಮಿಗೆ.

ಮರಿಸ್ವಾಮಿ ಕ್ಯಾಮೆರಾಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಹಲಸಿನಹಣ್ಣು ಕೊಳ್ಳುವವನ ಹಾಗೆ ತಟ್ಟಿ ನೋಡಿ, ಕೊನೆಗೆ ಚರ್ಮದ ಚೀಲ ಚೆನ್ನಾಗಿದ್ದದ್ದನ್ನು ಆರಿಸಿದ. ಅದರಲ್ಲಿ ಕಣ್ಣು ತೆರೆದಿಡುವ ಕಡ್ಡಿ ಇರಲಿಲ್ಲ. ಪುಟ್ಟತಾಯಮ್ಮ ಸೆರಗಿನ ಗಂಟಿನ ಮೇಲೆ ಕೈ ಇಟ್ಟು ಸುಮ್ಮನೆ ನಿಂತಳು. ಗಂಟು ಬಿಚ್ಚುವುದಿಲ್ಲವೆಂದು ಮೂವರಿಗೂ ಅರ್ಥವಾದ ಮೇಲೆ ಕಡ್ಡಿ ಇದ್ದ ಡಬ್ಬಿ ಕ್ಯಾಮೆರಾ ಒಂದು ಹೊರಗೆ ಬಂತು. ಅವಳು ಗೆದ್ದದ್ದು ಅಷ್ಟೇ. ಸ್ಟ್ಯಾಂಡು ಎಂದು ಬಾಯಿ ತೆರೆಯುವಷ್ಟರಲ್ಲಿ ರಾಮಸ್ವಾಮಿಗಳು ಅಡ್ಡ ಬಂದರು.

"ಸ್ಟ್ಯಾಂಡು ಯಾಕಮ್ಮ, ಮರಿಸ್ವಾಮಿ ಕೈ ಇಲ್ವೆ? ಕತ್ತಲಲ್ಲಿ ತೆಗೆಯೋದು. ಫ್ಲ್ಯಾಷ್ ಬೇಕು."

"ಅಲ್ಲಿಗಂಟ ಈ ಬೆಳಕು ಹೋಗುತ್ತಾ ಮೇಷ್ಟ್ರೇ?"

"ನಕ್ಷತ್ರದ ಬೆಳಕು ಅಲ್ಲಿಂದ ಇಲ್ಲಿಗೆ ಬರುತ್ತೋ ಇಲ್ವೋ? ಬರೋ ದಾರಿ ಇದ್ದ ಮೇಲೆ ಹೋಗೋ ದಾರೀನೂ ಇರುತ್ತೆ."

ಮಿಕ್ಕ ಗಂಡಸರಿಬ್ಬರೂ ತಲೆದೂಗಿದರು. ಸ್ಟ್ಯಾಂಡಿನ ದುಡ್ಡು ಫ್ಲ್ಯಾಷಿಗೆ ಹೋಯಿತು. ಅಂಗಡಿಯವನೇ ರೀಲು ಹಾಕಿ, ಹನ್ನೆರಡು ಚಿತ್ರ ಬರುತ್ತದೆ ಸಾರ್ ಎಂದು ಮರಿಸ್ವಾಮಿಯ ಕೈಗೆ ಕೊಟ್ಟ.

ಹೊಸ ಸಾಮಾನು ಪೂಜೆಯಿಲ್ಲದೆ ಬಳಕೆಯಾಗುವ ಮನೆ ಅದಾಗಿರಲಿಲ್ಲ. ಕೆಂಚಮ್ಮ ಕ್ಯಾಮೆರಾವನ್ನು ಮಣೆಯ ಮೇಲೆ ಕೂರಿಸಿ, ಮೂರು ಪಟ್ಟೆ ವಿಭೂತಿ ಬಳಿದು, ಅದರ ಕಣ್ಣಿಗೇ ಕುಂಕುಮ ಇಡಲು ಹೋದಳು. ಪುಟ್ಟತಾಯಮ್ಮ ಅಂಗೈ ಅಡ್ಡ ಹಿಡಿದಳು. ಕುಂಕುಮ ಅಂಗೈಗೆ ಬಿತ್ತು. ಮುತ್ತೈದೆಯ ಕೈಗೆ ಬಿದ್ದರೂ ಒಂದೇ ಎಂದು ಕೆಂಚಮ್ಮ ಸಮಾಧಾನ ಮಾಡಿಕೊಂಡು ಮಂಗಳಾರತಿ ಎತ್ತಿದಳು. ಹಿಂದಿನ ಮುಚ್ಚಳ ಯಾರೂ ಮುಟ್ಟಬಾರದು, ಬೆಳಕು ಹೋಗುತ್ತೆ ಎಂದು ಪುಟ್ಟತಾಯಮ್ಮ ಎಲ್ಲರಿಗೂ ಕೇಳುವ ಹಾಗೆ ಎರಡು ಸಲ ಹೇಳಿದಳು. ಮಂಗಳಾರತಿಯ ಗಂಟೆಯಲ್ಲಿ ಅದು ಯಾರಿಗೂ ಕೇಳಲಿಲ್ಲ.

ಪೂಜೆಯಾದ ಮೇಲೆ ಬೋಣಿ. ಮೊದಲ ಚಿತ್ರ ದೇವರದ್ದೇ ಆಗಬೇಕೆಂದು ಗೋಡೆಯ ಮೇಲಿದ್ದ ಚಾಮುಂಡಿಯ ಪಟದ ಪಟ ತೆಗೆದದ್ದಾಯಿತು. ಎರಡನೆಯದು ಹಿರಿಯರದ್ದು. ಕೆಂಚಮ್ಮ ಕಡಕೊಳದ ತವರಿನವರು ಕೊಟ್ಟ ಸೀರೆ ಉಟ್ಟು, ಉಸಿರು ಬಿಗಿಹಿಡಿದು, ಕೋರ್ಟಿನ ಕಟಕಟೆಯಲ್ಲಿ ನಿಂತವಳ ಹಾಗೆ ನಿಂತಳು. ಅಷ್ಟರಲ್ಲಿ ರಾಮಸ್ವಾಮಿಗಳ ಹೆಂಡತಿ ವಸಂತಮ್ಮ ಮಗಳನ್ನು ಕೈ ಹಿಡಿದುಕೊಂಡು ಬಂದರು.

"ಒಂದೇ ಒಂದು ಕಣ್ರೀ ಪುಟ್ಟತಾಯಮ್ಮ. ಗಂಡಿನ ಕಡೆಯವರು ಫೋಟೋ ಕೇಳಿದಾರೆ. ನಿಮ್ಮ ಚುಕ್ಕೆ ನಾಳೇನೂ ಇರುತ್ತೆ, ವರ ಇರ್ತಾನಾ?"

ಇದಕ್ಕೆ ಉತ್ತರ ಕೊಡುವ ಹೆಂಗಸು ಮೈಸೂರಿನಲ್ಲಿ ಹುಟ್ಟಿಲ್ಲ. ಹುಡುಗಿ ರೇಷ್ಮೆ ಸೀರೆಯಲ್ಲಿ ನಿಂತಳು, ನೂಲಿನ ಸೀರೆಯಲ್ಲಿ ನಿಂತಳು. ಮನೆಗೆಲಸ ಬರುತ್ತೆ ಅಂತ ತಿಳಿಯಲಿ ಎಂದು ಪುಟ್ಟತಾಯಮ್ಮನ ಹೊಲಿಗೆ ಮಿಷನ್ನಿನ ಮುಂದೆಯೇ ಕೂತಳು. ಸಂಗೀತ ಬರುತ್ತೆ ಅಂತ ತಿಳಿಯಲಿ ಎಂದು ಎರವಲು ವೀಣೆಯ ಪಕ್ಕವೂ ಕೂತಳು. ಮರಿಸ್ವಾಮಿ ಒಂದು ಕಣ್ಣು ಮುಚ್ಚಿ ಗುಂಡಿ ಒತ್ತುತ್ತಲೇ ಹೋದ. ನಡುವೆ ರಾಮಸ್ವಾಮಿಗಳು ಪೇಪರು ಓದುತ್ತ, ಏನೂ ಗೊತ್ತಿಲ್ಲದವರ ಹಾಗೆ ಕ್ಯಾಮೆರಾದ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಎಲ್ಲರಿಗೂ ಕಾಫಿ ಸೋಸಿಕೊಂಡು ಪುಟ್ಟತಾಯಮ್ಮ ಈಚೆ ಬಂದಾಗ ರೀಲಿನಲ್ಲಿ ಉಳಿದಿದ್ದದ್ದು ಒಂದು. ಅವಳು ಅದನ್ನು ತಿರುಗಿಸಿ ಸಿದ್ಧಮಾಡಿ, ಕ್ಯಾಮೆರಾವನ್ನು ಎತ್ತರದ ಗೂಡಿನಲ್ಲಿಟ್ಟಳು. ಒಂದು ಸಾಕು. ಅವಳು ನೋಡಿದ್ದೂ ಒಂದೇ ತಾನೆ.

ಇಳಿಹೊತ್ತಿನಲ್ಲಿ ಹಿತ್ತಲಿನಿಂದ ಬಟ್ಟೆ ತೆಗೆದುಕೊಂಡು ಬರುವಾಗ ಕಟ್ ಎಂದು ಏನೋ ಮುಚ್ಚಿದ ಸದ್ದಾಯಿತು. ಕೆಂಚಮ್ಮ ಜಗಲಿಯ ಬಿಸಿಲಿನಲ್ಲಿ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಏನ್ ಮಾಡ್ತಿದೀರಿ ಅತ್ತೆ?"

"ಏನಿಲ್ಲ ಬುಡವ್ವ. ದೂಳು ಒರಸ್ತಿದ್ದೆ."

ಮಾರನೆಯ ಬೆಳಗ್ಗೆ, ಹಿಂದೆಂದೂ ಏಳದವರೆಲ್ಲ ಎದ್ದಿದ್ದರು. ಪುಟ್ಟತಾಯಮ್ಮ ಹೊಲಿಗೆ ಮಿಷನ್ನನ್ನೇ ಅಂಗಳಕ್ಕೆ ಎಳೆದುತಂದು, ಅದರ ಮೇಲೆ ಕ್ಯಾಮೆರಾವನ್ನು ಲಾಡಿಯಿಂದ ಬಿಗಿದು ಬೆಟ್ಟದ ಕಡೆಗೆ ತಿರುಗಿಸಿ ಕಟ್ಟಿದಳು. ಬೆಟ್ಟವೇ ಕಾಣುತ್ತಿರಲಿಲ್ಲ. ಮೋಡ ಅದರ ನೆತ್ತಿಯಿಂದ ಸೊಂಟದವರೆಗೆ ಒದ್ದೆ ಹಾಸಿಗೆಯ ಹಾಗೆ ಬಿದ್ದುಕೊಂಡಿತ್ತು.

ಇವತ್ತು ಬೇಡ, ನಾಳೆ ನೋಡೋಣ ಎಂದಳು. ಇರೋದು ಒಂದೇ ಚಿತ್ರ ಎಂದಳು. ಇದ್ದರೆ ತಾನೇ ಕಾಣುವುದು ಎಂದರು ರಾಮಸ್ವಾಮಿಗಳು, ಮಫ್ಲರಿನೊಳಗಿನಿಂದ. ವಸಂತಮ್ಮನಿಗೆ ಮಗಳ ಫೋಟೋ ಇವತ್ತೇ ತೊಳೆಯಲು ಹೋಗಬೇಕಿತ್ತು. ಇಷ್ಟು ಜನರೆದುರು ಹೆಂಡತಿಯ ಭ್ರಮೆಯನ್ನು ಸಾಕುವುದಕ್ಕೆ ಮರಿಸ್ವಾಮಿಗೆ ನಾಚಿಕೆಯಾಯಿತು.

"ಎಷ್ಟೊತ್ತು ಅಂತ ನಿಲ್ಲಿಸ್ತೀಯೆ ಎಲ್ಲಾರ್ನೂ? ಸರಿ ಈಚೆಗೆ."

"ರೀ, ನಿಮ್ಮ ದಮ್ಮಯ್ಯ, ಒತ್ತಬೇಡಿ."

ಒತ್ತಿಯೇಬಿಟ್ಟ. ಫ್ಲ್ಯಾಷಿನ ಬೆಳಕಿಗೆ ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವು. ಎದುರು ಮನೆಯವರ ಹಸು ಹಗ್ಗ ಕಿತ್ತುಕೊಂಡಿತು. ನಕ್ಷತ್ರಕ್ಕೆ ಏನಾಯಿತೋ ಗೊತ್ತಾಗಲಿಲ್ಲ. ಅವರೆಲ್ಲ ನಗುತ್ತ ಹೋದ ಮೇಲೆ ಅವಳೊಬ್ಬಳೇ ಮಿಷನ್ನನ್ನು ಒಳಕ್ಕೆ ಎಳೆದುಕೊಂಡಳು. ಮೋಡ ಆ ವಾರವೆಲ್ಲ ಕದಲಲಿಲ್ಲ. ಕದಲಿದಾಗ ಬೆಟ್ಟದ ಮೇಲೆ ಏನೂ ಉಳಿದಿರಲಿಲ್ಲ.

ಫೋಟೋಗಳು ಬಂದ ಸಂಜೆ ಮರಿಸ್ವಾಮಿ ಸೈಕಲ್ಲಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತು ಒಳಗೆ ನುಗ್ಗಿದ. ದೇವರ ಪಟ ಅಲ್ಲಾಡಿ ಎರಡೆರಡು ದೇವರಾಗಿತ್ತು. ಕೆಂಚಮ್ಮನಿಗೆ ತಲೆ ಇರಲಿಲ್ಲ. ವಸಂತಮ್ಮನ ಮಗಳು ಎಲ್ಲದರಲ್ಲೂ ಕಣ್ಣು ಮುಚ್ಚಿದ್ದಳು. ಆದರೆ ಕೊನೆಯದು! ಕಪ್ಪು ಆಕಾಶ, ಅದರಲ್ಲಿ ಪಳಪಳನೆ ಹೊಳೆಯುವ ಬಿಳಿಯ ಬಾಲ, ಅಂಚಿನಿಂದ ಅಂಚಿಗೆ.

ರಾಮಸ್ವಾಮಿಗಳು ಕನ್ನಡಕ ಒರೆಸಿಕೊಂಡು ನೋಡಿದರು. ಫ್ಲ್ಯಾಷಿಲ್ಲದೆ ಇದು ಬರುತ್ತಿರಲಿಲ್ಲ ಎಂದರು. ಮರಿಸ್ವಾಮಿ ಅದನ್ನು ದೊಡ್ಡದು ಮಾಡಿಸಿ, ಮಂಡಿ ಮೊಹಲ್ಲಾದಲ್ಲಿ ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತಗುಲಿಸಿದ. ಕೆಳಗೆ ಚೆಂದದ ಅಕ್ಷರದಲ್ಲಿ ತನ್ನ ಹೆಸರನ್ನೂ ಬರೆಸಿದ.

ಪುಟ್ಟತಾಯಮ್ಮ ಪಟದ ಹತ್ತಿರ ಹೋಗಿ ನೋಡಿದಳು. ಅವಳ ಚುಕ್ಕೆ ಬಲಕ್ಕೆ ವಾಲಿತ್ತು, ಇದು ಎಡಕ್ಕೆ. ಅವಳದಕ್ಕೆ ತಲೆ ಇತ್ತು. ಇದಕ್ಕೆ ಬರೀ ಬಾಲ. ಅವತ್ತು ಮೋಡ ಇತ್ತಲ್ಲ ರೀ, ಇದು ಚುಕ್ಕೆಯಲ್ಲ, ಮುಚ್ಚಳ ತೆಗೆದು ಬೆಳಕು ನುಗ್ಗಿರೋದು ಎಂದಳು.

"ಕಾಣ್ತಾ ಇದೆ, ಇಲ್ಲ ಅಂತೀಯಲ್ಲೇ," ಎಂದು ಮರಿಸ್ವಾಮಿ ಮರುಗಿದ. "ನಿನ್ ಮಾತು ನಂಬಿದ್ರೆ ನಾನು ಇದನ್ನ ತೆಗೀತಲೇ ಇರ್ಲಿಲ್ಲ."

ಆಮೇಲೆ ನೋಡಲು ಬಂದವರಿಗೆಲ್ಲ ಅವನು ಹೇಳುವ ಕತೆ ಅದೇ. ಹೆಂಡತಿ ಬೇಡ ಬೇಡ ಎಂದಳು, ತಾನು ಬಿಡಲಿಲ್ಲ. ಆಫೀಸಿನಿಂದ ಬಂದಿದ್ದ ರುದ್ರಸ್ವಾಮಿ ಎಂಬುವವರು ಕಾಫಿ ಲೋಟ ತೆಗೆದುಕೊಳ್ಳುತ್ತ, ನೀವು ನೋಡಲಿಲ್ಲವೇನಮ್ಮ ಎಂದು ಪುಟ್ಟತಾಯಮ್ಮನನ್ನು ಕೇಳಿದರು. ಉತ್ತರ ಅವಳ ಗಂಡನ ಕಡೆಯಿಂದ ಬಂತು. ಅವಳಿಗೆ ಅದೆಲ್ಲ ಎಲ್ಲಿ ಕಾಣಬೇಕು ಸಾರ್, ಅಡಿಗೆ ಮನೆ ಬಿಟ್ಟು.

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಒಲೆಯ ಪಕ್ಕ ಕೂತಿದ್ದ ಕೆಂಚಮ್ಮ ನಡುಮನೆಯ ಕಡೆ ಒಮ್ಮೆ ನೋಡಿ, ಸೊಸೆಯ ಸೆರಗು ಹಿಡಿದು ಹತ್ತಿರಕ್ಕೆ ಎಳೆದಳು.

"ನಾನು ಆ ಡಬ್ಬೀಲಿ ಎಂಗೆ ಕೂತಿವ್ನಿ ನೋಡಾನ ಅಂತ ಒಂಚೂರು ಮುಚ್ಚಳ ತಗುದ್ಬುಟ್ಟಿದ್ದೆ ಕಣವ್ವ ಅವತ್ತು. ಬರೀ ರೀಲಿನ ಕೆಂಪು ಕಾಗದ ಇತ್ತು. ಯಾರ್ಗೂ ಯೋಳ್ಬೇಡ."

ಪುಟ್ಟತಾಯಮ್ಮ ಅವಳಿಗೂ ಒಂದು ಲೋಟ ಕಾಫಿ ಬಗ್ಗಿಸಿದಳು.

"ಕುಡೀರಿ ಅತ್ತೆ. ನಾನು ಹೇಳಿದ್ರೆ ನಂಬೋರು ಯಾರು?"

ಕೆಂಚಮ್ಮ ಕಾಫಿ ಒಂದು ಗುಟುಕು ಕುಡಿದು ನಿಶ್ಚಿಂತಳಾದಳು. ಸಕ್ಕರೆ ಹಾಕಿದ್ದೀಯಾ ಎಂದು ಕೇಳಿದಳು. ಹಾಕಿದ್ದೇನೆ ಎಂದಳು ಪುಟ್ಟತಾಯಮ್ಮ. ಕೆಂಚಮ್ಮ ಇನ್ನೊಂದು ಗುಟುಕು ಕುಡಿದು ನೋಡಿದಳು.