ಕಡಲಿಗೆ ಹೊರಟವರ ಬಾಲ

ಸೊಲಾಂಜ್: ‘ರಜಕ್ಕೆ ಹೋಗಿದ್ದೇವೆ’ ಅಂತ ಬರೆಯೋಕೆ ಇಷ್ಟು ಹೊತ್ತೇನ್ರೀ? ಟ್ರೇನು ಹೋಗತ್ತೆ!

ಫಿರ್ಮಾಂ: ‘ಹೋಗಿದ್ದೇವೆ’ ಅನ್ನೋಕೆ ‘ಪಾರ್ತಿ’ ಅಂತ ಬರೆದಾಯ್ತಲ್ಲೇ. ಅದರ ಕೊನೆಗೆ ಯಾವ ಅಕ್ಷರದ ಬಾಲ ಹಚ್ಚೋದು ಅನ್ನೋದೇ ತಲೆನೋವು. ಹೋದ ವರ್ಷ ಬಾಲ ಬಿಟ್ಟಿದ್ದಕ್ಕೆ ‘ಬೇಕರಿಯವನು ಹೆಂಡತೀನ ಬಿಟ್ಟು ಒಬ್ಬನೇ ಹೋದ’ ಅಂತ ಊರೇ ಆಡ್ಕೊಂಡಿತು.

ಫ್ರಾನ್ಸಿನಲ್ಲಿ ಆಗಸ್ಟ್ ರಜ ಶುರುವಾಗಿದೆ, ಬೇಕರಿಯ ಬಾಗಿಲು ಅರ್ಧ ಮುಚ್ಚಿದೆ. ಗಂಡ ಹಲಗೆಯ ಮುಂದೆ, ಹೆಂಡತಿ ಸೂಟ್‌ಕೇಸಿನ ಮೇಲೆ. ಕಡಲು ನೋಡಬೇಕೆಂದು ಆಕೆ ವರ್ಷವಿಡೀ ಕಾದಿದ್ದಾಳೆ. ಅಷ್ಟರಲ್ಲಿ ನಿವೃತ್ತ ಮೇಷ್ಟ್ರು ಲೆಕಾನ್ ಅವರು ಚೀಲ ಹಿಡಿದು ಬಂದರು.

ಮೇಷ್ಟ್ರು: ಹೋದವನು ಒಬ್ಬ ಗಂಡಸಾದ್ರೆ ಬಾಲ ಇಲ್ಲ. ಹೆಂಗಸಾದ್ರೆ ‘ಇ’. ಜನ ಹೆಚ್ಚಾದ್ರೆ ‘ಎಸ್’.

ಸೊಲಾಂಜ್: ಬಾಯಲ್ಲಿ ಹೇಳಿದ್ರೆ ಎಲ್ಲಾ ಒಂದೇ ಪಾರ್ತಿ! ಕಿವಿಗೆ ಕೇಳಿಸದ ಬಾಲ ಯಾರಿಗೆ ಬೇಕು?

ಫಿರ್ಮಾಂ: ನಮಗೆ ಬೇಕು ಕಣೇ, ನಾವು ಫ್ರೆಂಚರು.

ಸೊಲಾಂಜ್: ಸರಿ, ಹೊರಟಿರೋದು ನಾನು, ಸ್ಟೇಷನ್ನಲ್ಲಿ ಕಾಯ್ತಿರೋ ನಮ್ಮಮ್ಮ, ಅವಳ ಜೊತೆಗಿರೋ ಹೆಣ್ಣುನಾಯಿ. ಮೂರು ಹೆಣ್ಣು. ‘ಇ’ನೂ ಹಾಕಿ, ‘ಎಸ್’ನೂ ಹಾಕಿ!

ಮೇಷ್ಟ್ರು: ಆಗಲ್ಲಮ್ಮ. ಗುಂಪಲ್ಲಿ ಒಬ್ಬ ಗಂಡಸಿದ್ರೆ ಇಡೀ ಗುಂಪೇ ಗಂಡಸು.

ಸೊಲಾಂಜ್: ಚೆನ್ನಾಗಿದೆ ನ್ಯಾಯ! ಇಷ್ಟೆಲ್ಲಾ ಗಂಟುಮೂಟೆ ಕಟ್ಟಿದವಳು ನಾನು. ಈ ಮಹಾರಾಯ ಕಟ್ಟಿದ್ದು ಬರೀ ಟೈ!

ಫಿರ್ಮಾಂ: ಹಾಗಾದ್ರೆ ‘ಎಸ್’ ಬರೀಲಾ ಮೇಷ್ಟ್ರೇ?

ಮೇಷ್ಟ್ರು: ಅವಸರ ಬೇಡ ಕಣಯ್ಯ. ಅದು ಹೋದವರಿಗೆ ಹೇಳೋ ಮಾತು. ನೀವಿನ್ನೂ ಇಲ್ಲೇ ಇದ್ದೀರಲ್ಲ!

ಫಿರ್ಮಾಂ: ಅರೆ, ಹೌದಲ್ಲ!

ಚಾಕ್‌ಪೀಸ್ ಕೆಳಗಿಟ್ಟ. ಸೊಲಾಂಜಳಿಗೆ ಅಳು ಬರುವ ಹಾಗಾಯಿತು. ಆಗ ಅವಳ ಕಣ್ಣು ಮೇಷ್ಟ್ರ ಖಾಲಿ ಚೀಲದ ಮೇಲೆ ಬಿತ್ತು.

ಸೊಲಾಂಜ್: ಮೇಷ್ಟ್ರೇ, ಇವತ್ತು ಅಂಗಡಿ ಮುಚ್ತೀವಿ ಅಂತ ನಿನ್ನೆನೇ ಹೇಳಿದ್ದೆ. ಬ್ರೆಡ್ಡಿನ ಚೀಲ ಯಾಕೆ ತಂದ್ರಿ?

ಮೇಷ್ಟ್ರು: ಅದು... ಪಕ್ಕದೂರಿನ ಬ್ರೆಡ್ಡು ಚಕ್ಕಳ ಕಣಮ್ಮ, ಹಲ್ಲು ನಿಲ್ಲಲ್ಲ. ಟ್ರೇನೊಂದು ತಪ್ಪಿದ್ರೆ ಫಿರ್ಮಾಂ ಹೇಗೂ ಒಲೆ ಹಚ್ತಾನೆ ಅಂತ...

ಫಿರ್ಮಾಂ: ಅಯ್ಯೋ ಪುಣ್ಯಾತ್ಮ! ಇದಕ್ಕಾ ಈ ಪಾಠ?

ಸೊಲಾಂಜ್ ಹಲಗೆಯನ್ನು ಲಂಗದ ತುದಿಯಿಂದಲೇ ಒರೆಸಿ ‘ಸೆಪ್ಟೆಂಬರಲ್ಲಿ ಸಿಗೋಣ’ ಎಂದು ಗೀಚಿದಳು. ಬಾಗಿಲನ್ನು ಪೂರ್ತಿ ಎಳೆದು, ಗಂಡನ ಟೈ ಹಿಡಿದು ಹೊರಟೇಬಿಟ್ಟಳು.

ಮೇಷ್ಟ್ರು: ಅಮ್ಮಾ ಸೊಲಾಂಜ್! ನಾನು ತಿಂಗಳೆಲ್ಲಾ ಏನು ತಿನ್ನಲಿ?

ಸೊಲಾಂಜ್: ವ್ಯಾಕರಣ ಇದೆಯಲ್ಲ ಮೇಷ್ಟ್ರೇ, ಬೆಣ್ಣೆ ಸವರ್ಕೊಂಡು ತಿನ್ನಿ!