ಹಂಡೆಯೊಳಗಿನ ಕರೆಂಟು

"ದೀಪಾವಳಿಗೆ ಅಳಿಯ ಬರ್ಲಿ, ನಮ್ಮ ಮನೇಲೇ ಕರೆಂಟು ಹುಟ್ಟಿಸಿ ತೋರಿಸ್ತೀನಿ! ತೋರಿಸದೇ ಹೋದ್ರೆ ನಾನು ಸೈನ್ಸ್ ಮೇಷ್ಟ್ರೇ ಅಲ್ಲ!"

ಶ್ರೀನಿವಾಸಪುರದ ಕೋದಂಡರಾಮಪ್ಪ ಮೇಷ್ಟ್ರು ಹೀಗೆ ಘರ್ಜಿಸಿದ್ದು ಯುದ್ಧಭೂಮಿಯಲ್ಲಲ್ಲ, ತಮ್ಮ ಆರಾಮಕುರ್ಚಿಯಲ್ಲಿ ಕಾಲು ಚಾಚಿಕೊಂಡು. ಅದು ಮೂವತ್ತೆಂಟನೇ ಇಸವಿ. ಅವರ ಬೀದಿಗಿನ್ನೂ ಕರೆಂಟಿನ ಕಂಬ ಬಂದಿರಲಿಲ್ಲ.

"ಕರೆಂಟು ಆಮೇಲೆ ಹುಟ್ಟಿಸೀರಂತೆ, ಮೊದ್ಲು ಎದ್ದು ಆ ಲಾಟೀನಿನ ಬತ್ತಿ ಕತ್ತರಿಸಿ. ಮನೆಯೆಲ್ಲ ಹೊಗೆ!" ಎಂದರು ಹೆಂಡತಿ ಶಾಮಲಮ್ಮ.

"ಕತ್ತರಿಸೋಣ ಬಿಡೇ!" ಎಂದ ಮೇಷ್ಟ್ರು ಅಲುಗಾಡಲಿಲ್ಲ.

ಅವರ ಹೊಟ್ಟೆಯುರಿಗೆ ಕಾರಣವಿತ್ತು. ಮಗಳು ಆದಿಲಕ್ಷ್ಮಿಯ ಗಂಡ ಕದಿರೇಶ ಚಿನ್ನದ ಗಣಿಯಲ್ಲಿ ಕರೆಂಟಿನ ಕೆಲಸದವನು. ಮದುವೆ ಚಪ್ಪರದಲ್ಲಿ ಮೇಷ್ಟ್ರು ವಿದ್ಯುಚ್ಛಕ್ತಿಯ ಬಗ್ಗೆ ಉಪನ್ಯಾಸ ಶುರು ಮಾಡಿದ್ದೇ ತಡ, ಆ ಹುಡುಗ ನಕ್ಕುಬಿಟ್ಟಿದ್ದ. "ಬಿಡಿ ಮಾವಾ, ನಿಮ್ಮೂರಲ್ಲಿ ಕರೆಂಟು ಅಂದ್ರೆ ಮಳೆಗಾಲದ ಸಿಡ್ಲು ಒಂದೇ!" ಬೀಗರೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗು ಮೇಷ್ಟ್ರ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು. ಅಳಿಯನ ಬಾಯಿ ಮುಚ್ಚಿಸದೆ ಈ ಜನ್ಮದಲ್ಲಿ ಸಮಾಧಾನವಿಲ್ಲ ಎಂದು ತೀರ್ಮಾನಿಸಿದ್ದರು.

ದಾರಿ ತೋರಿಸಿದ್ದು ಒಂದು ಹಳೆಯ ವಿಜ್ಞಾನ ಪತ್ರಿಕೆ. ಆಫ್ರಿಕಾದ ಹೊಳೆಗಳಲ್ಲಿ ಕೆಲವು ಮೀನುಗಳಿವೆಯಂತೆ. ಮರಿಯಾಗಿದ್ದಾಗ ಅವುಗಳ ಬಾಲದಲ್ಲಿ ಇರುವುದೂ ಎಲ್ಲ ಮೀನಿನಂತೆ ಮಾಂಸವೇ. ಬೆಳೆಯುತ್ತ ಬೆಳೆಯುತ್ತ ಅದರಲ್ಲೊಂದು ಭಾಗ ಎಳೆದಾಡುವ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಚಪ್ಪಟೆ ಬಿಲ್ಲೆಗಳಾಗಿ ಒಂದರ ಹಿಂದೊಂದು ಸಾಲುಗಟ್ಟುತ್ತದಂತೆ. ನರ ಆಜ್ಞೆ ಕೊಟ್ಟರೆ ಮಾಂಸವಾದರೆ ಸೆಟೆಯಬೇಕು. ಈ ಬಿಲ್ಲೆಗಳು ಸೆಟೆಯುವುದಿಲ್ಲ, ಕರೆಂಟು ಬಿಡುತ್ತವೆ! ತೀರಾ ಸಣ್ಣ ಕರೆಂಟು, ಮನುಷ್ಯನ ಕೈಗೆ ತಿಳಿಯದಷ್ಟು. ಅದರಿಂದ ಮೀನಿಗೇನು ಲಾಭವೋ ಪಂಡಿತರಿಗೂ ಗೊತ್ತಿಲ್ಲವಂತೆ.

ಪತ್ರಿಕೆ ಹೇಳಿದ್ದು ಇಷ್ಟು. ಮೇಷ್ಟ್ರು ತಿಳಿದುಕೊಂಡಿದ್ದು ಇದಕ್ಕಿಂತ ಹೆಚ್ಚು!

"ನೋಡೇ, ಕೆಲಸ ಬಿಟ್ಟು ಸುಮ್ನಿರೋ ಮಾಂಸ ಕರೆಂಟಾಗುತ್ತೆ! ಆಫ್ರಿಕಾದ ಮೀನೇ ಯಾಕೆ? ನಮ್ಮ ಕೆರೆ ಮೀನಿಗೇನು ಕಮ್ಮಿ? ಅದನ್ನ ಅಲ್ಲಾಡದ ಹಾಗೆ ಕೂರಿಸಿಬಿಟ್ರೆ ಆಯ್ತು!"

"ನಿಮ್ಮ ತಲೆ!" ಎಂದರು ಶಾಮಲಮ್ಮ.

ಮರುದಿನವೇ ಕೆರೆಯಿಂದ ಗೇಣುದ್ದದ ಕರಿ ಮೀನೊಂದು ಬಂತು. ಮೀಸೆ ಬೇರೆ ಇತ್ತು. ಅದನ್ನು ಕಂಡು ಮೇಷ್ಟ್ರು ತಮ್ಮ ಮೀಸೆಯನ್ನೂ ತೀಡಿಕೊಂಡರು. ಬಾಲ ಬೀಸಲು ಜಾಗವಿಲ್ಲದಂಥ ಮಡಕೆಯಲ್ಲಿ ಅದನ್ನಿಟ್ಟು, ಮುಚ್ಚಳ ಹಾಕಿ, ಎರೆಹುಳು ತಿನ್ನಿಸಿ ಸಾಕಿದರು. ಮೀನು ದುಂಡಗಾಯಿತು. ಶಾಲೆಯ ದಿಕ್ಸೂಚಿಗೆ ತಾಮ್ರದ ತಂತಿ ಸುತ್ತಿ, ತಂತಿಯ ಎರಡು ತುದಿ ಮಡಕೆಯ ನೀರಿಗಿಳಿಸಿ, ದಿನಾ ಸಂಜೆ ಮುಳ್ಳು ಹೊರಳುವುದನ್ನೇ ಕಾಯುತ್ತ ಕೂತರು.

ಒಂದು ಸಂಜೆ ಮುಳ್ಳು ಗಿರ್ರನೆ ತಿರುಗಿಯೇ ಬಿಟ್ಟಿತು!

"ಬಂತು ಕಣೇ ಕರೆಂಟು! ಬಾರೇ, ಕಣ್ತುಂಬ ನೋಡು!"

ಪಕ್ಕದಲ್ಲೇ ಈಳಿಗೆಮಣೆ ಹಾಕಿಕೊಂಡು ಬದನೆಕಾಯಿ ಹೆಚ್ಚುತ್ತಿದ್ದ ಶಾಮಲಮ್ಮ, ನೋಡೋಣವೆಂದು ಈಳಿಗೆ ಎತ್ತಿಕೊಂಡು ಎದ್ದರು. ಮುಳ್ಳು ತೆಪ್ಪಗೆ ಹಳೆಯ ಜಾಗಕ್ಕೆ ಬಂದು ನಿಂತಿತು. ಕೂತರು, ಮತ್ತೆ ತಿರುಗಿತು.

"ಕರೆಂಟು ನಿಮ್ಮ ಮೀನಿಂದೋ, ನನ್ನ ಈಳಿಗೇದೋ?"

"ಕಬ್ಬಿಣ ತಂದು ಪ್ರಯೋಗ ಕೆಡಿಸ್ತೀಯಾ? ಕೆಡಿಸು! ನಾನು ಬಗ್ಗೋನಲ್ಲ!"

ಬಂತು ನೀರು ತುಂಬುವ ಹಬ್ಬ. ಆದಿಲಕ್ಷ್ಮಿಯೂ ಕದಿರೇಶನೂ ಮಧ್ಯಾಹ್ನದ ಬಸ್ಸಿಗೇ ಬಂದಿಳಿದಿದ್ದರು. ಹೊಸ ಅಳಿಯನ ಮೊದಲ ದೀಪಾವಳಿ! ಎಲ್ಲೂ ಒಂದು ಕುಂದು ಬರಬಾರದೆಂದು ಶಾಮಲಮ್ಮ ಕಜ್ಜಾಯದ ಪಾಕದ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಫಳಫಳ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಕಟ್ಟಿ, ನೀರು ತುಂಬಿ ಪೂಜೆ ಮಾಡಿಟ್ಟಿದ್ದರು. ಬೆಳಗಿನ ಎಣ್ಣೆಸ್ನಾನದವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ.

"ಆ ಮಡಕೇನೂ ಖಾಲಿ ಮಾಡಿ. ಮನೇಲಿರೋ ಪಾತ್ರೆಯೆಲ್ಲ ತೊಳೆದು ತುಂಬಬೇಕು. ನಿಮ್ಮ ಮೀನನ್ನ ಕೆರೆಗೆ ಬಿಟ್ಟು ಬನ್ನಿ!"

ಕೆರೆಗೆ ಬಿಡುವುದೇ? ನಾಳೆ ಅಳಿಯನ ಮುಂದೆ ಮಾನ ಉಳಿಸಬೇಕಾದ ಮೀನನ್ನೇ? ಮೇಷ್ಟ್ರು ಮನೆಯೆಲ್ಲ ಕಣ್ಣಾಡಿಸಿದರು. ಯಾರೂ ಮುಟ್ಟದ ಪಾತ್ರೆ ಇದ್ದದ್ದು ಒಂದೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ತೆಗೆದರಾಯಿತೆಂದು ಮೀನನ್ನು ಮೆಲ್ಲಗೆ ಹಂಡೆಯೊಳಗೆ ಜಾರಿಸಿ, "ಬಿಟ್ಟೆ ಕಣೇ!" ಎಂದು ಕೂಗಿದರು. ಎಲ್ಲಿಗೆ ಎಂದು ಅವರು ಹೇಳಲಿಲ್ಲ, ಆಕೆ ಕೇಳಲಿಲ್ಲ.

ಎಲ್ಲರಿಗಿಂತ ಮೊದಲು ಏಳುವುದು! ಮೇಷ್ಟ್ರು ಹುಟ್ಟಿದಾಗಿನಿಂದ ಮಾಡದ ಕೆಲಸ ಅದು. ಅವರಿಗೆ ಎಚ್ಚರವಾದದ್ದೇ ಬಚ್ಚಲಿನಿಂದ ಬಂದ ಚೀತ್ಕಾರಕ್ಕೆ.

"ಅಮ್ಮೋ! ಚಚ್ಚಾನ್ರಾ ದೇವುಡಾ! ಸತ್ತೆನಪ್ಪೋ!"

ಓಡಿಹೋಗಿ ನೋಡಿದರೆ, ಆಗತಾನೆ ಹೊತ್ತಿಸಿದ ಒಲೆ ಹೊಗೆಯಾಡುತ್ತಿದೆ. ಮೈಯೆಲ್ಲ ಎಣ್ಣೆ ಬಳಿದುಕೊಂಡ ಕದಿರೇಶ, ನೀರು ಬೆಚ್ಚಗಾಯಿತೇ ಎಂದು ಹಂಡೆಗೆ ಕೈಯಿಟ್ಟವನು, ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕುಣಿಯುತ್ತಿದ್ದಾನೆ! ಮೇಷ್ಟ್ರೂ ಕುಣಿದರು.

"ಶಾಕು! ಶಾಕು ಹೊಡೀತಲ್ವಾ ಅಳಿಯಂದ್ರೇ? ಕೈಗೇ ತಿಳಿಯಲ್ಲ ಅಂತ ಬರ್ದಿದ್ರು! ನಮ್ಮೂರ ಮೀನು ಆಫ್ರಿಕಾನೇ ಮೀರಿಸಿಬಿಡ್ತು! ಹೇಳಿ, ಗಣೀಲಿ ಇಷ್ಟು ಜೋರಾದ ಕರೆಂಟು ಇದ್ಯಾ?"

"ಇದು ಶಾಕಲ್ಲ ಮಾವಾ! ಉರಿ! ಯಾವ್ದೋ ಕುಟುಕಿಬಿಡ್ತು!"

ದೀಪ ಹಿಡಿದು ಬಂದ ಶಾಮಲಮ್ಮ ಚೊಂಬಿನಲ್ಲಿ ಮೀನನ್ನು ಮೊಗೆದರು. ಅವರ ಮುಖ ಕೆಂಪಾಯಿತು. "ಅಯ್ಯೋ ನನ್ನ ಹಣೆಬರಹವೇ! ಚೇಳ್ಮೀನು! ಮೀಸೆ ನೋಡಿದ್ರೆ ತಿಳೀಲಿಲ್ವಾ? ಕೆನ್ನೆ ಪಕ್ಕ ವಿಷದ ಮುಳ್ಳಿರುತ್ತಲ್ರೀ! ಪೂಜೆ ಮಾಡಿದ ಹಂಡೆಗೆ ಹಾಕೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಅಳಿಯನ ಕೈ ಬೋಂಡದಂತೆ ಊದಿತು. ಬಿಸಿನೀರಿನಲ್ಲಿ ಅದ್ದಿಸಿ, ಬಟ್ಟೆ ಸುತ್ತಿ, ಅಂತೂ ಅವನನ್ನು ಹಜಾರದಲ್ಲಿ ಕೂರಿಸಿದ್ದಾಯಿತು. ಬಲಗೈ ಎತ್ತಲಾರದ ಗಂಡನಿಗೆ ಆದಿಲಕ್ಷ್ಮಿ ಕಜ್ಜಾಯ ಮುರಿದು ಬಾಯಿಗಿಡುತ್ತಿದ್ದಳು. ಅವನೂ ಅಷ್ಟೇನು ಬೇಸರದಲ್ಲಿರಲಿಲ್ಲ.

ಮೇಷ್ಟ್ರು ಮಾತ್ರ ಬಗ್ಗಲಿಲ್ಲ. ಮೀನನ್ನು ಕೆರೆಗೆ ಬಿಟ್ಟು ಬಂದು, ಅದೇ ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಎದೆಯುಬ್ಬಿಸಿದರು.

"ಸೋತೆ ಅಂತ ಯಾರೂ ತಿಳ್ಕೋಬೇಡಿ! ಸಿದ್ಧಾಂತ ಸರಿಯಾಗೇ ಇದೆ. ಆ ಮಾಂಸ ಸುಮ್ನೆ ಕೂತದ್ದು ಸಾಲಲಿಲ್ಲ, ಅಷ್ಟೇ. ಇನ್ನೊಂದಷ್ಟು ದಿನ ಅಲ್ಲಾಡದೆ ಕೂತಿದ್ರೆ ಕರೆಂಟು ಬಂದೇ ಬರ್ತಿತ್ತು!"

ಶಾಮಲಮ್ಮ ಕಜ್ಜಾಯದ ತಟ್ಟೆ ಕೆಳಗಿಟ್ಟರು. ಗಂಡನನ್ನು ಕುರ್ಚಿ ಸಮೇತ ಅಡಿಯಿಂದ ಮುಡಿವರೆಗೆ ನೋಡಿದರು.

"ಅಲ್ರೀ, ಅಲ್ಲಾಡದೆ ಕೂತ ಮಾಂಸವೆಲ್ಲ ಕರೆಂಟಾಗೋದಾಗಿದ್ರೆ, ಇಷ್ಟು ಹೊತ್ತಿಗೆ ನಿಮ್ಮೊಬ್ಬರಿಂದ್ಲೇ ಇಡೀ ಶ್ರೀನಿವಾಸಪುರಕ್ಕೆ ದೀಪ ಉರೀಬೇಕಿತ್ತು!"

ಕದಿರೇಶ ಬಾಯಲ್ಲಿದ್ದ ಕಜ್ಜಾಯ ಸಮೇತ ನಕ್ಕ. ಮಗಳೂ ಸೆರಗು ಅಡ್ಡ ಹಿಡಿದಳು.

ಮೇಷ್ಟ್ರು ಯಾರಿಗೂ ಹೆದರದವರಂತೆ ಕುರ್ಚಿಯಿಂದ ಎದ್ದು, ತಲೆಯೆತ್ತಿಕೊಂಡೇ ನಡೆದುಹೋಗಿ, ಲಾಟೀನಿನ ಬತ್ತಿ ಕತ್ತರಿಸತೊಡಗಿದರು.