ನೀರು ಮುಟ್ಟದ ಬಚ್ಚಲು

ಬಸವಕಲ್ಯಾಣದ ಅಂಬರೀಷನಿಗೆ ಇದ್ದದ್ದು ಒಂದೇ ಕೊರಗು. ಮದುವೆಯಾದಂದಿನಿಂದ ಹೆಂಡತಿ ಉಜ್ವಲಾಳ ಬಾಯಿಂದ ‘ಶಾಭಾಸ್’ ಅನ್ನುವ ಮಾತು ಒಮ್ಮೆಯೂ ಬಿದ್ದಿರಲಿಲ್ಲ. ಬೀಳುವುದಾದರೂ ಹೇಗೆ? ಅವನು ನಲ್ಲಿ ರಿಪೇರಿಗೆ ಕೈಹಾಕಿದರೆ ಅಡುಗೆಮನೆ ಕೆರೆಯಾಗುತ್ತಿತ್ತು. ಮೊಳೆ ಹೊಡೆಯಹೋದರೆ ಮೊಳೆಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಪೆಟ್ಟು ಬೀಳುತ್ತಿತ್ತು.

ಹೀಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಪ್ಲಾಸ್ಟಿಕ್ ಹಾಳೆಯ ಹಿಂದಿನ ಕಾಗದ ಸುಲಿದು ನೆಲಕ್ಕೆ ಅಂಟಿಸಿದರಾಯಿತು, ಟೈಲ್ಸು ತಯಾರು! ಸಿಮೆಂಟು ಬೇಡ, ಕಲ್ಲು ಕೂರಿಸುವ ಗೌಂಡಿಯೂ ಬೇಡ. ಇಷ್ಟು ತೆಳ್ಳಗಿನ ಪ್ಲಾಸ್ಟಿಕ್ಕು ಕಲ್ಲಿಗೆ ಹೇಗೆ ಕಚ್ಚೀತು? ಕುತೂಹಲ ಅವನನ್ನು ಸುಮ್ಮನೆ ಕೂರಗೊಡಲಿಲ್ಲ. ಪಾರ್ಸೆಲ್ಲು ಬಂದದ್ದೇ ತಡ, ಒಂದು ಹಾಳೆಯನ್ನು ಕಪಾಟಿಗೆ ಅಂಟಿಸಿ ನೋಡಿದ, ಇನ್ನೊಂದನ್ನು ತನ್ನ ಅಂಗೈಗೆ. (ಅಂಗೈಯದನ್ನು ಬಿಡಿಸಲು ಕೊಬ್ಬರಿ ಎಣ್ಣೆ ಬೇಕಾಯಿತು.)

“ಬಚ್ಚಲದಾಗ ಕುಂತು ಏನ್ ಮಾಡಾಕತ್ತೀರಿ?” ಉಜ್ವಲಾ ಹೊರಗಿನಿಂದ ಕೂಗಿದಳು.

“ನೀ ಒಳಗ ಬರಬ್ಯಾಡ. ಮುಗದ ಮ್ಯಾಲ ಕರೀತೀನಿ.”

“ಗೌಂಡಿಗಿ ಈಗೇ ಫೋನ್ ಮಾಡಿಡ್ಲೇನು?”

ಅಂಬರೀಷ ಕಿವಿಗೊಡಲಿಲ್ಲ. ಹಳೆಯ ಶಹಾಬಾದ ಕಲ್ಲಿನ ನೆಲ ತಿಕ್ಕಿ, ಒಣಗಿಸಿ, ಒಂದೊಂದೇ ಹಾಳೆ ಒತ್ತಿ, ಮಂಡಿ ಸವೆಸಿ, ಸ್ನಾನಗೃಹ ಜೀರ್ಣೋದ್ಧಾರ ಮಹಾಕಾರ್ಯವನ್ನು ಪೂರೈಸಿದ. ನೀಲಿ ಹೂವಿನ ನೆಲ ಕಂಡು ಉಜ್ವಲಾಳ ತೆರೆದ ಬಾಯಿ ತೆರೆದಂತೆಯೇ ಉಳಿಯಿತು.

“ಅಯ್ಯ! ಶಾಭಾಸ್ ರಿ! ನಮ್ಮ ಪಡಸಾಲಿಗಿಂತ ಛಂದ ಅದ!”

ಅಂಬರೀಷನಿಗೆ ಸ್ವರ್ಗಕ್ಕೆ ಮೂರೇ ಗೇಣು. ಟವೆಲ್ಲು ಹೆಗಲಿಗೇರಿಸಿ ಬಕೆಟ್ಟು ಹಿಡಿದ.

“ಎಲ್ಲಿಗಿ?”

“ಸ್ನಾನಕ್ಕ.”

“ಇಷ್ಟ್ ಛಂದ ಮಾಡಿ ಅದರ ಮ್ಯಾಲ ನೀರ್ ಹಾಕ್ತೀರಾ? ಬುದ್ಧಿ ಎಲ್ಲಿಟ್ಟೀರಿ?”

ವಾದಿಸಿದರೆ ಸಿಕ್ಕ ಶಾಭಾಸೂ ವಾಪಸು ಹೋದೀತೆಂದು ಅವನು ತೆಪ್ಪಗಾದ. ಅಂದಿನಿಂದ ಬಚ್ಚಲು ಪ್ರದರ್ಶನಾಲಯವಾಯಿತು. ಓಣಿಯ ಹೆಂಗಸರು ಬಂದು, ಬಗ್ಗಿ, ಉಗುರಿನಿಂದ ಕೆರೆದು ನೋಡಿ, ಚಹಾ ಕುಡಿದು ಹೋದರು. ಹುಮನಾಬಾದಿನಿಂದ ಉಜ್ವಲಾಳ ಅಕ್ಕ ಗಯಾಬಾಯಿಯೂ ಬಂದು ಫೋಟೊ ಹೊಡೆದುಕೊಂಡಳು. ಉಜ್ವಲಾ ಸ್ನಾನಕ್ಕೆ ಪಕ್ಕದ ಸಪ್ನಾಳ ಮನೆಗೆ ಹೋಗುತ್ತಿದ್ದಳು. ಅಂಬರೀಷನಿಗೆ ಸಿಕ್ಕದ್ದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಮತ್ತು ಬೇಕಾದಷ್ಟು ಚಳಿಗಾಳಿ.

ಕೊನೆಗೆ ತಡೆಯಲಾರದೆ ಒಂದು ಭಾನುವಾರ ಹುಮನಾಬಾದಿನ ಬಸ್ಸು ಹತ್ತಿದ. ಗಯಾಬಾಯಿಯ ಮನೆಯಲ್ಲಿ ನಾಲ್ಕು ಗೋಡೆಗಳ ನಡುವೆ ಒಂದು ಬಿಸಿನೀರಿನ ಸ್ನಾನವಾದರೂ ಆದೀತಲ್ಲ! ಗೇಟು ದೂಡಿ ಒಳಗೆ ಕಾಲಿಟ್ಟರೆ, ಗಯಾಬಾಯಿಯ ಗಂಡ ಕಾಶಿರಾಮ ಎಮ್ಮೆಯ ಪಕ್ಕದಲ್ಲಿ ಚಡ್ಡಿಯಲ್ಲಿ ಕೂತು ನಡುಗುತ್ತ ಸಾಬೂನು ಹಚ್ಚಿಕೊಳ್ಳುತ್ತಿದ್ದ. ಅಂಬರೀಷನನ್ನು ಕಂಡದ್ದೇ ತಂಬಿಗೆ ಹಿಡಿದು ಎದ್ದು ನಿಂತ.

“ಬಾರಪ್ಪಾ, ಬಾ! ನಿನ್ನ ಹಾದೀನೇ ಕಾಯಾಕತ್ತಿದ್ದೆ. ನಿನ್ನ ಬಚ್ಚಲ ನೋಡಿ ಬಂದು ಈಕಿನೂ ಟೈಲ್ಸ್ ತರಿಸ್ಯಾಳ. ನನ್ನ ಕೈಲೇ ಹಚ್ಚಿಸ್ಯಾಳ!”

ಅಯ್ಯೋ ಪಾಪ ಎನ್ನಬೇಕಾಗಿದ್ದ ಅಂಬರೀಷನ ಬಾಯಿಂದ ಬಂದದ್ದೇ ಬೇರೆ: “ಹೌದೇನ್ರಿ ಅಣ್ಣಾ? ಯಾವ ಡಿಸೈನು?”

ಕಾಶಿರಾಮ ತಂಬಿಗೆಯ ತಣ್ಣೀರನ್ನು ಅವನ ನೆತ್ತಿಗೇ ಸುರಿದ.

“ಸ್ನಾನ ಆತಲ್ಲ? ಇನ್ನ ಮೈ ಒಣಗಿಸ್ಕೊಂಡು ಒಳಗ ಹೋಗಿ ನೋಡು.”